ಎಂಟು ರೊಟ್ಟಿ, ಮೂರು ಉತ್ತರ

ಒಂದು ಹಳೆಯ ಒಗಟಿದೆ. ಇಬ್ಬರು ದಾರಿಹೋಕರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾರೆ. ಒಬ್ಬನ ಬುತ್ತಿಯಲ್ಲಿ ಐದು ರೊಟ್ಟಿ, ಇನ್ನೊಬ್ಬನ ಬುತ್ತಿಯಲ್ಲಿ ಮೂರು. ಅಷ್ಟರಲ್ಲಿ ಹಸಿದ ಮೂರನೆಯವನೊಬ್ಬ ಬರುತ್ತಾನೆ. ಅವನ ಕೈಯಲ್ಲಿ ಬುತ್ತಿಯಿಲ್ಲ. ಮೂವರೂ ಎಂಟು ರೊಟ್ಟಿಗಳನ್ನು ಸಮನಾಗಿ ಹಂಚಿಕೊಂಡು ಉಣ್ಣುತ್ತಾರೆ. ಹೊರಡುವಾಗ ಆ ಅತಿಥಿ ಎಂಟು ಚಿನ್ನದ ನಾಣ್ಯಗಳನ್ನು ಕೊಟ್ಟು, ಇಬ್ಬರೂ ಹಂಚಿಕೊಳ್ಳಿ ಎಂದು ಹೇಳಿ ಹೋಗುತ್ತಾನೆ. ಈಗ ಯಾರಿಗೆ ಎಷ್ಟು ನಾಣ್ಯ?

ಬಹುತೇಕರು ತಟಕ್ಕನೆ ಕೊಡುವ ಉತ್ತರ: ಐದು ರೊಟ್ಟಿಯವನಿಗೆ ಐದು, ಮೂರು ರೊಟ್ಟಿಯವನಿಗೆ ಮೂರು. ತಂದಷ್ಟು ಪಡೆಯುವುದೇ ನ್ಯಾಯವೆಂಬುದು ನಮ್ಮ ಮೊದಲ ಅನಿಸಿಕೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಪ್ರತಿ ರೊಟ್ಟಿಯನ್ನು ಮೂರು ತುಂಡು ಮಾಡಿದರೆ ಒಟ್ಟು ಇಪ್ಪತ್ತನಾಲ್ಕು ತುಂಡು, ತಲೆಗೆ ಎಂಟು. ಐದು ರೊಟ್ಟಿಯವನು ತಂದದ್ದು ಹದಿನೈದು ತುಂಡು. ತಾನೇ ಎಂಟನ್ನು ತಿಂದು ಅತಿಥಿಗೆ ಕೊಟ್ಟದ್ದು ಏಳು. ಮೂರು ರೊಟ್ಟಿಯವನು ತಂದದ್ದು ಒಂಬತ್ತು; ತಾನು ಎಂಟನ್ನು ತಿಂದು ಅತಿಥಿಗೆ ಬಿಟ್ಟದ್ದು ಒಂದೇ ಒಂದು. ಅತಿಥಿ ಹಣ ಕೊಟ್ಟದ್ದು ತಾನು ತಿಂದ ಎಂಟು ತುಂಡುಗಳಿಗೆ. ಆದ್ದರಿಂದ ಸರಿಯಾದ ಹಂಚಿಕೆ ಏಳು ಮತ್ತು ಒಂದು.

ಅರಬ್ ನಾಡಿನ ಕಥೆಯೆಂದು ಪ್ರಚಲಿತವಾಗಿರುವ ಈ ಒಗಟನ್ನು ಬ್ರೆಜಿಲ್ ದೇಶದ ಗಣಿತ ಅಧ್ಯಾಪಕರೊಬ್ಬರು ‘ಮಾಲ್ಬಾ ತಹಾನ್’ ಎಂಬ ಹೆಸರಿನಲ್ಲಿ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಳಸಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಅದು ‘ದಿ ಮ್ಯಾನ್ ಹೂ ಕೌಂಟೆಡ್’ ಎಂದು ಹೆಸರಾಗಿದೆ. ಅಲ್ಲಿ ಐದು ರೊಟ್ಟಿ ತಂದವನು ಕಥಾನಾಯಕನೇ. ತನಗೆ ಏಳು ನಾಣ್ಯ ಸಲ್ಲಬೇಕೆಂದು ಎಲ್ಲರೆದುರು ಸಾಧಿಸಿ ತೋರಿಸುತ್ತಾನೆ. ಎಲ್ಲರೂ ಒಪ್ಪಿದ ಮೇಲೆ, ಲೆಕ್ಕಕ್ಕೆ ಇದು ಸರಿ, ಆದರೆ ದೇವರ ಕಣ್ಣಿಗೆ ಇದು ಪರಿಪೂರ್ಣವಲ್ಲ ಎಂದು, ತಾನು ನಾಲ್ಕನ್ನು ಇಟ್ಟುಕೊಂಡು ಜೊತೆಗಾರನಿಗೆ ನಾಲ್ಕನ್ನು ಕೊಡುತ್ತಾನೆ.

ಅಲ್ಲಿಗೆ ಒಂದೇ ಪ್ರಶ್ನೆಗೆ ಮೂರು ಉತ್ತರಗಳಾದವು: ಐದು-ಮೂರು, ಏಳು-ಒಂದು, ನಾಲ್ಕು-ನಾಲ್ಕು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಕೆಲವು ವರ್ಷ ಕಂದಾಯದ ಕಡತಗಳನ್ನೂ ಕೆಲವು ವರ್ಷ ಹಣಕಾಸಿನ ಕಡತಗಳನ್ನೂ ನೋಡಿದ ನನಗೆ, ನಮ್ಮ ಸಾರ್ವಜನಿಕ ಜೀವನದ ಬಹುಪಾಲು ಜಗಳಗಳು ಈ ಮೂರು ಉತ್ತರಗಳ ನಡುವಿನ ಜಗಳಗಳೇ ಎನ್ನಿಸುತ್ತದೆ. ಹಂಚಿಕೆಯಲ್ಲಿ ಕಷ್ಟವಿರುವುದು ಭಾಗಾಕಾರದಲ್ಲಲ್ಲ. ಯಾರೆಲ್ಲ ಪಂಕ್ತಿಯಲ್ಲಿ ಕುಳಿತಿದ್ದಾರೆ, ಎಲೆಗೆ ಬಂದದ್ದೇನು, ಯಾವ ಅಳತೆಯಿಂದ ಅಳೆಯಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ.

ಮೊದಲು ಪಂಕ್ತಿಯ ಮಾತು. ಇಂಥ ಒಗಟುಗಳಲ್ಲಿ ಆಸ್ತಿ ಹಂಚಿಕೊಳ್ಳುವವರು ಸಾಮಾನ್ಯವಾಗಿ ಗಂಡುಮಕ್ಕಳು. ತಂದೆ ತೀರಿಕೊಂಡ, ಮೂವರು ಮಕ್ಕಳಿದ್ದರು ಎಂದು ಕಥೆ ಆರಂಭವಾದರೆ, ಹೆಣ್ಣುಮಕ್ಕಳಿರಲಿಲ್ಲವೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹಳ್ಳಿಗಳ ಪಾಲುಪಟ್ಟಿಗಳೂ ಬಹುಕಾಲ ಹಾಗೆಯೇ ಇದ್ದವು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಬೇಕಿಲ್ಲವೆಂದು ಬಗೆಹರಿಸಿತು.

ಕಾನೂನು ಪಂಕ್ತಿಯನ್ನು ಉದ್ದ ಮಾಡಿತು. ಆದರೆ ಕಂದಾಯ ಕಚೇರಿಯ ಮೇಜಿಗೆ ಬರುವ ಕಾಗದಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಹಕ್ಕು ಬಿಡುಗಡೆ ಪತ್ರಗಳನ್ನು. ಅರಿಶಿನ-ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಹಣ ಪಡೆದು, ಸ್ವಸಂತೋಷದಿಂದ ಪಾಲು ಬಿಟ್ಟುಕೊಟ್ಟಿದ್ದೇನೆ ಎಂದು ಅಕ್ಕತಂಗಿಯರು ಸಹಿ ಹಾಕಿರುತ್ತಾರೆ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆಯ ಬೆಲೆ ಅದು. ತಮ್ಮನ ಕಷ್ಟ ನೋಡಿ ಮನಸಾರೆ ಬಿಟ್ಟುಕೊಡುವ ಅಕ್ಕಂದಿರೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಗಟಿನ ನಾಯಕ ಮೊದಲು ಏಳು ತನ್ನದೆಂದು ಸಾಧಿಸಿ, ಆಮೇಲೆ ಮೂರನ್ನು ಕೊಟ್ಟ ಎಂಬುದನ್ನು ಗಮನಿಸಬೇಕು. ಹಕ್ಕನ್ನು ಎಲ್ಲರೂ ಒಪ್ಪಿಕೊಂಡ ಮೇಲೆ ಬಿಟ್ಟುಕೊಟ್ಟರೆ ಅದು ಔದಾರ್ಯ. ಹಕ್ಕೇ ಇಲ್ಲವೆಂಬಂತೆ ಬಿಡಿಸಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಮಗಳ ಹೆಸರು ಮೊದಲು ಪಹಣಿಯಲ್ಲಿ ಬರಲಿ. ಕೊಡುವುದು ಬಿಡುವುದು ಆನಂತರ ಅವಳ ಇಷ್ಟ.

ಇದೇ ಕ್ರಮ ರಾಜ್ಯಗಳ ನಡುವಿನ ಹಂಚಿಕೆಗೂ ಅನ್ವಯಿಸುತ್ತದೆ ಎಂಬುದು ನನ್ನ ವಾದ. ಕಾವೇರಿಯನ್ನು ತೆಗೆದುಕೊಳ್ಳಿ. ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಕಣಿವೆಯ ಒಟ್ಟು ನೀರನ್ನು 740 ಟಿಎಂಸಿ ಅಡಿ ಎಂದು ಎಣಿಸಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗೂ ಸಮುದ್ರ ಸೇರುವ ನೀರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಹೆಚ್ಚುವರಿಯಾಗಿ ದೊರೆತ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ.

ಕೊನೆಯ ಈ ಅಂಶ ಒಗಟಿನ ಏಳು-ಒಂದರ ತರ್ಕವನ್ನೇ ಹೋಲುತ್ತದೆ. ನಿನ್ನ ಬುತ್ತಿಯಲ್ಲಿ ಬೇರೆ ಏನಿದೆ ಎಂದು ನೋಡದೆ ಹಂಚಬಾರದು ಎಂದು ನ್ಯಾಯಾಲಯ ಹೇಳಿದಂತಾಯಿತು. ಆದರೆ ಸಾಮಾನ್ಯ ಓದುಗರ ಗಮನಕ್ಕೆ ಅಷ್ಟಾಗಿ ಬಾರದ ಇನ್ನೊಂದು ಸಂಗತಿಯಿದೆ. ಆ 740 ಎಂಬ ಸಂಖ್ಯೆ ಶೇ 50ರ ಖಚಿತತೆಯದು. ಅಂದರೆ ಸರಾಸರಿ ಎರಡು ವರ್ಷಕ್ಕೊಮ್ಮೆ ಮಾತ್ರ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರನ್ನು ನಿರೀಕ್ಷಿಸಬಹುದು. ಒಗಟಿನಲ್ಲಿ ಎಂಟು ರೊಟ್ಟಿ ಎಂದರೆ ಎಂಟೇ. ಕಾವೇರಿಯಲ್ಲಿ ಕೆಲವು ವರ್ಷ ಒಂಬತ್ತು, ಕೆಲವು ವರ್ಷ ಐದು. ಮಳೆ ಚೆನ್ನಾಗಿ ಬಂದ ವರ್ಷ ಎರಡೂ ರಾಜ್ಯಗಳಲ್ಲಿ ಯಾರೂ ತೀರ್ಪನ್ನು ನೆನೆಯುವುದಿಲ್ಲ. 2002, 2012, 2016, 2023ರಂಥ ವರ್ಷಗಳಲ್ಲಿ ಮಂಡ್ಯದ ಹೆದ್ದಾರಿಯಲ್ಲಿ ರೈತರು ಕೂರುತ್ತಾರೆ, ತಂಜಾವೂರಿನಲ್ಲಿಯೂ ಕೂರುತ್ತಾರೆ.

ಕೊರತೆಯನ್ನು ಪಾಲಿನ ಪ್ರಮಾಣದಲ್ಲೇ ಹಂಚಿಕೊಳ್ಳಬೇಕೆಂಬ ತತ್ತ್ವ ತೀರ್ಪಿನಲ್ಲಿದೆ. ಕಷ್ಟವಿರುವುದು ಅದನ್ನು ಜೂನ್, ಜುಲೈ, ಆಗಸ್ಟ್ ತಿಂಗಳಿಗೆ ಇಳಿಸುವುದರಲ್ಲಿ. ಈಶಾನ್ಯ ಮಾರುತ ತಮಿಳುನಾಡಿಗೆ ಮಳೆ ತರುವುದು ಅಕ್ಟೋಬರಿನ ನಂತರ. ಅದು ಎಷ್ಟು ಎಂಬುದು ಆಗಸ್ಟ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅತಿಥಿಯ ಚೀಲದಲ್ಲಿ ನಾಣ್ಯವೆಷ್ಟಿದೆ ಎಂದು ತಿಳಿಯುವ ಮೊದಲೇ ರೊಟ್ಟಿ ಮುರಿಯಬೇಕಾದ ಪರಿಸ್ಥಿತಿ ಇದು. 2018ರ ಜೂನ್‌ನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಕೆಲಸ ನೀರು ಬಿಡಿಸುವುದಷ್ಟೇ ಆಗದೆ, ಒಳ್ಳೆಯ ಮಳೆಯ ವರ್ಷದಲ್ಲಿಯೇ ಎರಡೂ ಕಡೆಯ ಎಂಜಿನಿಯರರನ್ನೂ ರೈತ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ಕೊರತೆಯ ಕೋಷ್ಟಕವನ್ನು ಒಪ್ಪಿಸುವುದೂ ಆಗಬೇಕು. ಹೊಟ್ಟೆ ತುಂಬಿರುವಾಗ ಆಗದ ಒಪ್ಪಂದ ಹಸಿದಾಗ ಆಗುವುದಿಲ್ಲ.

ಇನ್ನು ಹಣದ ಮಾತು. ಹಣಕಾಸು ಆಯೋಗದ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು, 15ನೇ ಆಯೋಗದ 2021-26ರ ಅವಧಿಗೆ ಶೇ 3.647ಕ್ಕೆ ಇಳಿಯಿತು. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನದಲ್ಲಿರುವ ರಾಜ್ಯಕ್ಕೆ ಇದು ನೋವಿನ ಸಂಗತಿಯೇ. 2020-21ರ ಸಾಲಿಗೆ ಆಯೋಗವೇ ಕರ್ನಾಟಕಕ್ಕೆ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಗಳ ವಿಶೇಷ ಅನುದಾನವನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯದ ಮಂತ್ರಿಮಂಡಲ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತು, ನಮ್ಮ ತೆರಿಗೆ ನಮ್ಮ ಹಕ್ಕು ಎಂದು ಘೋಷಿಸಿತು.

ನೋವು ನಿಜ. ಆದರೆ ಘೋಷಣೆಯ ತರ್ಕ ಐದು-ಮೂರರದು: ತಂದಷ್ಟು ನಮ್ಮದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದನ್ನು ಒಪ್ಪುವುದು ಕಷ್ಟ. ಮೊದಲನೆಯದಾಗಿ, ಐದು ರೊಟ್ಟಿ ಯಾರದು ಎಂಬುದೇ ಅಷ್ಟು ಸ್ಪಷ್ಟವಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕಂಪನಿ ಇಲ್ಲಿ ಕಟ್ಟುವ ಆದಾಯ ತೆರಿಗೆ ದೇಶದ ಎಲ್ಲ ಮಾರುಕಟ್ಟೆಗಳಲ್ಲಿ ಗಳಿಸಿದ ಲಾಭದ ಮೇಲಿನದು. ನಮ್ಮ ಮೆಟ್ರೊ ಕಂಬಗಳನ್ನು ಎತ್ತಿದ ಬಿಹಾರದ, ಒಡಿಶಾದ ಕಾರ್ಮಿಕರನ್ನು ಹೆತ್ತು ಹೊತ್ತು ಬೆಳೆಸಿದ ಖರ್ಚನ್ನು ಭರಿಸಿದ್ದು ಅವರ ಊರುಗಳು. ಎರಡನೆಯದಾಗಿ, ಒಗಟಿನ ಉತ್ತರವೆಲ್ಲ ನಿಂತಿರುವುದು ಮೂವರೂ ಸಮನಾಗಿ ಉಂಡರು ಎಂಬ ಒಂದೇ ವಾಕ್ಯದ ಮೇಲೆ. ನಮ್ಮ ರಾಜ್ಯಗಳು ಸಮನಾಗಿ ಉಂಡಿಲ್ಲ. ತಲಾ ಆದಾಯದಲ್ಲಿ ಹಿಂದುಳಿದಷ್ಟೂ ಹೆಚ್ಚು ಪಾಲು ಎಂಬ ಮಾನದಂಡಕ್ಕೆ 15ನೇ ಆಯೋಗ ಶೇ 45ರ ತೂಕ ಕೊಟ್ಟದ್ದರ ಹಿಂದೆ ಈ ವಾಸ್ತವವಿತ್ತು.

ಮೂರನೆಯದು ಇನ್ನೂ ಮುಖ್ಯ. ಈ ಘೋಷಣೆಯನ್ನು ನಾವು ದೆಹಲಿಯಲ್ಲಿ ಕೂಗಿದರೆ, ಬೆಂಗಳೂರು ಅದನ್ನೇ ವಿಧಾನಸೌಧದ ಮುಂದೆ ಕೂಗಬಹುದು. ರಾಜ್ಯದ ತೆರಿಗೆಯಲ್ಲಿ ಸಿಂಹಪಾಲು ಕೊಡುವ ನಗರ, ನಮ್ಮ ಹಣ ಯಾದಗಿರಿಗೇಕೆ, ರಾಯಚೂರಿಗೇಕೆ ಎಂದು ಕೇಳಿದರೆ ನಮ್ಮಲ್ಲಿ ಉತ್ತರವೇನಿದೆ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕಲ್ಯಾಣ ಕರ್ನಾಟಕಕ್ಕೆ 371 (ಜೆ) ವಿಧಿಯ ವಿಶೇಷ ಸ್ಥಾನಮಾನವನ್ನು ನಾವೆಲ್ಲ ಸೇರಿಯೇ ಕೇಳಿ ಪಡೆದೆವು. ಒಳಗೆ ಅಗತ್ಯದ ತತ್ತ್ವ, ಹೊರಗೆ ಗಳಿಕೆಯ ತತ್ತ್ವ ಎಂದು ಎರಡು ತಕ್ಕಡಿ ಇಟ್ಟುಕೊಳ್ಳಲು ಬರುವುದಿಲ್ಲ.

ಹಾಗೆಂದ ಮಾತ್ರಕ್ಕೆ ಕರ್ನಾಟಕಕ್ಕೆ ದೂರಲು ಕಾರಣವಿಲ್ಲವೆಂದಲ್ಲ. ಬಲವಾದ ಕಾರಣವಿದೆ, ಆದರೆ ಅದು ಬೇರೆಡೆ ಇದೆ: ಎಲೆಗೆ ಬಂದದ್ದೇನು ಎಂಬಲ್ಲಿ. 2000ನೇ ಇಸವಿಯ 80ನೇ ತಿದ್ದುಪಡಿಯ ನಂತರ ಕೇಂದ್ರದ ಎಲ್ಲ ತೆರಿಗೆಗಳೂ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದವು. ಸೆಸ್ ಮತ್ತು ಸರ್ಚಾರ್ಜ್‌ಗಳನ್ನು ಹೊರತುಪಡಿಸಿ. ಈ ಚಿಕ್ಕ ಅಪವಾದ ಕಾಲಕ್ರಮೇಣ ದೊಡ್ಡ ಬಾಗಿಲಾಯಿತು. 2021ರ ಫೆಬ್ರುವರಿಯ ಬಜೆಟ್ ನಂತರ ಲೀಟರ್ ಪೆಟ್ರೋಲಿನ ಮೇಲಿದ್ದ ಕೇಂದ್ರದ ಸುಂಕ 32.90 ರೂಪಾಯಿ. ಅದರಲ್ಲಿ ರಾಜ್ಯಗಳಿಗೆ ಪಾಲು ಸಿಗುವ ಮೂಲ ಅಬಕಾರಿ ಸುಂಕ ಕೇವಲ 1.40 ರೂಪಾಯಿ. ಮಿಕ್ಕದ್ದು ಸೆಸ್ ಮತ್ತು ವಿಶೇಷ ಹೆಚ್ಚುವರಿ ಸುಂಕಗಳ ಹೆಸರಿನಲ್ಲಿ ಪೂರ್ತಿಯಾಗಿ ಕೇಂದ್ರದ ಬೊಕ್ಕಸಕ್ಕೆ. ರಾಜ್ಯಗಳಿಗೆ ಶೇ 41 ಎಂದು ಆಯೋಗ ಹೇಳುತ್ತದೆ. ಯಾವುದರ ಶೇ 41 ಎಂಬುದನ್ನು ಕೇಂದ್ರ ತೀರ್ಮಾನಿಸುತ್ತದೆ. ಬುತ್ತಿಯಲ್ಲಿ ಎಂಟು ರೊಟ್ಟಿ ಇಟ್ಟುಕೊಂಡು ಆರನ್ನು ಮಾತ್ರ ಹೊರತೆಗೆದು, ಬನ್ನಿ ಸಮನಾಗಿ ಹಂಚಿಕೊಳ್ಳೋಣ ಎಂದಂತೆ.

ಇದು ಕರ್ನಾಟಕದ ದೂರು ಮಾತ್ರವಲ್ಲ, ಬಿಹಾರದ ದೂರೂ ಹೌದು. ಬಿಹಾರಕ್ಕೆ ಹೆಚ್ಚು ಹೋಯಿತೆಂದು ನಾವು ಕೊರಗುವುದಕ್ಕಿಂತ, ಎಲೆಗೆ ಬಾರದೇ ಉಳಿದ ರೊಟ್ಟಿಗಳ ಬಗ್ಗೆ ಬಿಹಾರದ ಜೊತೆ ಸೇರಿ ಕೇಳುವುದು ಹೆಚ್ಚು ಪ್ರಯೋಜನಕಾರಿ. ಸೆಸ್, ಸರ್ಚಾರ್ಜ್‌ಗಳು ಒಟ್ಟು ತೆರಿಗೆಯ ಇಂತಿಷ್ಟು ಭಾಗವನ್ನು ಮೀರಿದರೆ ಮೀರಿದ್ದು ತಾನಾಗಿ ಹಂಚಿಕೆಯ ನಿಧಿಗೆ ಸೇರಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ಒಂದೇ ದನಿಯಲ್ಲಿ ಕೇಳಬಹುದು. ಕೇಳಲು ವೇದಿಕೆಯೂ ಸಂವಿಧಾನದಲ್ಲಿದೆ: 263ನೇ ವಿಧಿಯ ಅಂತರರಾಜ್ಯ ಪರಿಷತ್ತು. ಆದರೆ 2006ರ ಡಿಸೆಂಬರ್‌ನ ಸಭೆಯ ನಂತರ ಅದರ ಮುಂದಿನ ಸಭೆ ನಡೆದದ್ದು 2016ರ ಜುಲೈನಲ್ಲಿ. ದಶಕಕ್ಕೊಮ್ಮೆ ಕೂರುವ ಪಂಕ್ತಿಯಲ್ಲಿ ಯಾರ ಹಸಿವು ತಾನೆ ಯಾರಿಗೆ ತಿಳಿಯುತ್ತದೆ?

ಎರಡನೆಯ ದೂರು ಮನ್ನಣೆಗೆ ಸಂಬಂಧಿಸಿದ್ದು. ಜನಸಂಖ್ಯೆಯನ್ನು ನಿಯಂತ್ರಿಸಿ, ಆಸ್ಪತ್ರೆ ಶಾಲೆಗಳನ್ನು ಕಟ್ಟಿ, ತೆರಿಗೆ ಸಂಗ್ರಹವನ್ನು ಸುಧಾರಿಸಿದ ರಾಜ್ಯದ ಪಾಲು ಒಂದೇ ಏಟಿಗೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾದರೆ, ಅದನ್ನು ಬರೀ ಸೂತ್ರದ ಫಲವೆಂದು ತಳ್ಳಿಹಾಕಬಾರದು. 15ನೇ ಆಯೋಗ ಜನಸಂಖ್ಯಾ ಸಾಧನೆಗೆ ಶೇ 12.5, ತೆರಿಗೆ ಪ್ರಯತ್ನಕ್ಕೆ ಶೇ 2.5 ತೂಕ ಕೊಟ್ಟಿತ್ತು. ಎರಡೂ ಸೇರಿ, ಆದಾಯದ ಅಂತರಕ್ಕೆ ಕೊಟ್ಟ ತೂಕದ ಮೂರನೇ ಒಂದು ಭಾಗ ಮಾತ್ರ. 2026ರ ಏಪ್ರಿಲ್‌ನಿಂದ ಆರಂಭವಾಗುವ ಐದು ವರ್ಷಗಳಿಗಾಗಿ 16ನೇ ಆಯೋಗವನ್ನು 2023ರ ಕೊನೆಯಲ್ಲಿ ರಚಿಸಲಾಯಿತು. ಆಯೋಗಗಳು ಬರುತ್ತವೆ, ತೂಕಗಳು ಬದಲಾಗುತ್ತವೆ. ಆದರೆ ಏಳು ನಿನ್ನದು ಎಂದು ಮೊದಲು ಹೇಳುವ ಸೌಜನ್ಯ ಯಾವ ಸೂತ್ರದಲ್ಲೂ ತಾನಾಗಿ ಬರುವುದಿಲ್ಲ. ಕೊಡುವ ರಾಜ್ಯಗಳಿಗೆ ಬೇಕಾಗಿರುವುದು ಕೊಟ್ಟದ್ದೆಲ್ಲ ವಾಪಸು ಬರಲಿ ಎಂಬುದಲ್ಲ. ತಾವು ಕೊಡುತ್ತಿದ್ದೇವೆ ಎಂಬುದನ್ನು ದೇಶ ಲೆಕ್ಕ ಬರೆದು ಒಪ್ಪಿಕೊಳ್ಳಲಿ, ಪಡೆದವರು ಅದನ್ನು ಹೇಗೆ ಬಳಸಿದರೆಂದು ತಿಳಿಸಲಿ ಎಂಬುದು.

ಒಗಟಿನಲ್ಲಿ ಒಂದಕ್ಕೆ ಅರ್ಹನಾಗಿದ್ದು ನಾಲ್ಕು ಪಡೆದವನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅವನಿಗೂ ಒಂದು ಕರ್ತವ್ಯವಿದೆ. ತನಗೆ ಬಂದ ನಾಲ್ಕರಲ್ಲಿ ಮೂರು ಜೊತೆಗಾರನ ದೊಡ್ಡಮನಸ್ಸಿನಿಂದ ಬಂದದ್ದೆಂದು ಅವನು ನೆನಪಿಟ್ಟುಕೊಂಡರೆ ಮುಂದಿನ ದಾರಿಯನ್ನು ಇಬ್ಬರೂ ಜೊತೆಯಾಗಿ ನಡೆಯಬಹುದು. ನಾಲ್ಕೂ ತನ್ನ ಹಕ್ಕೇ ಎಂದುಕೊಂಡರೆ ಮುಂದಿನ ನೆರಳಿನಲ್ಲಿ ಐದು ರೊಟ್ಟಿಯವನು ಬುತ್ತಿ ಬಿಚ್ಚುವುದಿಲ್ಲ.

ನಮ್ಮ ರಾಜ್ಯ ಸರ್ಕಾರಗಳೂ ಇಲ್ಲಿ ಕನ್ನಡಿ ನೋಡಿಕೊಳ್ಳಬೇಕು. ದೆಹಲಿಯಿಂದ ಪಾಲು ಕೇಳುವ ರಾಜ್ಯ, ತನ್ನ ಕೆಳಗಿನ ಸಂಸ್ಥೆಗಳಿಗೆ ಪಾಲು ಕೊಡುವಾಗ ದೆಹಲಿಯಂತೆಯೇ ವರ್ತಿಸಿದೆ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಎರಡೂ ಬಗೆಯ ಪಕ್ಷಗಳ ಸರ್ಕಾರಗಳು ಈ ಅವಧಿಯಲ್ಲಿ ಆಳಿವೆ. ಪಂಕ್ತಿಯಲ್ಲಿ ಕೂರಬೇಕಾದವರನ್ನೇ ಕರೆಯದಿದ್ದರೆ ಹಂಚಿಕೆಯ ತಕರಾರು ಏಳುವುದಿಲ್ಲ ಎಂಬುದು ಹಳೆಯ ಯಜಮಾನಿಕೆಯ ಉಪಾಯ. ಅಕ್ಕತಂಗಿಯರನ್ನು ಪಾಲುಪಟ್ಟಿಯ ದಿನ ಕರೆಯದ ಅಣ್ಣಂದಿರ ಉಪಾಯವೂ ಅದೇ.

ಹಂಚಿಕೊಳ್ಳುವುದು ಎಂಬ ನಮ್ಮ ಮಾತಿನಲ್ಲಿಯೇ ಹಂಚುವುದೂ ಇದೆ, ಕೊಳ್ಳುವುದೂ ಇದೆ. ಮೇಲೆ ನಿಂತು ಹಂಚುವವನೊಬ್ಬ, ಕೆಳಗೆ ನಿಂತು ಪಡೆಯುವವನೊಬ್ಬ ಎಂದಾದರೆ ಅದು ವಿತರಣೆ, ರೇಷನ್ ಅಂಗಡಿಯ ಕೆಲಸ. ಎಲ್ಲರೂ ಒಂದೇ ನೆಲದ ಮೇಲೆ ಕುಳಿತು, ಬುತ್ತಿಯಲ್ಲಿದ್ದುದನ್ನೆಲ್ಲ ಎದುರಿಗಿಟ್ಟು, ಯಾರದೆಷ್ಟು ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಯಾರಿಗೆಷ್ಟು ಬೇಕು ಎಂದು ಕೇಳಿದಾಗ ಮಾತ್ರ ಅದು ಹಂಚಿಕೊಳ್ಳುವುದಾಗುತ್ತದೆ. ಐದು-ಮೂರು ಎನ್ನುವವರು ಲೆಕ್ಕವನ್ನು ಪೂರ್ತಿ ಮಾಡಿಲ್ಲ. ನೇರವಾಗಿ ನಾಲ್ಕು-ನಾಲ್ಕು ಎನ್ನುವವರು ಲೆಕ್ಕವನ್ನೇ ಮಾಡಿಲ್ಲ. ಏಳು-ಒಂದನ್ನು ದಾಟಿಕೊಂಡು ನಾಲ್ಕು-ನಾಲ್ಕಕ್ಕೆ ಹೋಗುವ ದಾರಿ ಉದ್ದವಾದದ್ದು, ಅದರಲ್ಲಿ ಜಗಳವೂ ಇದೆ. ಆದರೆ ಮನೆಯಾಗಲಿ, ನದಿಯಾಗಲಿ, ಗಣರಾಜ್ಯವಾಗಲಿ, ಒಡೆಯದೆ ಉಳಿಯಬೇಕಾದರೆ ಆ ದಾರಿಯನ್ನು ನಡೆದೇ ತೀರಬೇಕು.